ಕಾಗದ ಅಸಲಿ, ಮುದ್ರೆ ನಕಲಿ

1942ರಲ್ಲಿ ಫ್ರಾನ್ಸ್‌ನ ಕಸ್ಟಮ್ಸ್ ಅಧಿಕಾರಿಗಳು ಪೋರ್ಚುಗಲ್‌ಗೆ ಹೊರಟಿದ್ದ ಅಂಚೆಯೊಂದನ್ನು ತಡೆದರು. ಒಳಗಿದ್ದದ್ದು ಅಪರೂಪದ ಹಳೆಯ ಅಂಚೆಚೀಟಿಗಳು. ಬೆಲೆಬಾಳುವ ಸರಕನ್ನು ಘೋಷಿಸದೆ ಸಾಗಿಸಿದ ಆರೋಪ ಕಳಿಸಿದಾತನ ಮೇಲೆ ಬಿತ್ತು. ಆತ ಜೀನ್ ಡಿ ಸ್ಪೆರಾಟಿ. ಅವು ತಾನೇ ತಯಾರಿಸಿದ ನಕಲುಗಳೆಂದು ಆತ ಹೇಳಿದರೂ ಪರಿಶೀಲಿಸಿದ ತಜ್ಞರು ಅಸಲಿಯೆಂದೇ ವರದಿ ಕೊಟ್ಟರು!

ನಕಲಿ ಪತ್ತೆಯ ಕೈಪಿಡಿಗಳು ಇಂಗ್ಲೆಂಡಿನಲ್ಲಿ 1863ರ ಹೊತ್ತಿಗೇ ಬಂದಿದ್ದವು. ಅಂದಿನ ನಕಲಿಗಳು ಬಹುಪಾಲು ಒರಟಾಗಿದ್ದರಿಂದ ಚಿತ್ರವನ್ನು ಹೋಲಿಸಿ ನೋಡಿದರೆ ಸಾಕಾಗುತ್ತಿತ್ತು. ಸ್ಪೆರಾಟಿ ಆ ದಾರಿಯನ್ನೇ ಮುಚ್ಚಿಬಿಟ್ಟ. ಅಗ್ಗದ ಅಸಲಿ ಚೀಟಿಯೊಂದರ ಚಿತ್ರವನ್ನು ರಾಸಾಯನಿಕದಿಂದ ಅಳಿಸಿ, ಅದೇ ಕಾಗದದ ಮೇಲೆ ದುಬಾರಿ ಚೀಟಿಯ ಚಿತ್ರ ಮುದ್ರಿಸುತ್ತಿದ್ದ. ಕಾಗದ, ವಾಟರ್‌ಮಾರ್ಕ್, ಕೆಲವೊಮ್ಮೆ ಅಂಚೆ ಠಸ್ಸೆ ಕೂಡ ಅಸಲಿಯೇ. ಕೊನೆಗೆ 1954ರಲ್ಲಿ ಬ್ರಿಟನ್ನಿನ ಅಂಚೆಚೀಟಿ ಸಂಘವಾದ ಬ್ರಿಟಿಷ್ ಫಿಲಾಟೆಲಿಕ್ ಅಸೋಸಿಯೇಷನ್, ನಕಲಿಗಳು ಇನ್ನಷ್ಟು ಹರಡದಿರಲೆಂದು ಆತನ ದಾಸ್ತಾನನ್ನೇ ಕೊಂಡುಕೊಂಡಿತು.

ನಮ್ಮ ದೇಶದ ಸಂಗ್ರಾಹಕರನ್ನು ಕಾಡುವುದೂ ಇಂಥದೇ ಅರೆ ಅಸಲಿ ಚೀಟಿ. 1948ರ ಆಗಸ್ಟ್ 15ರಂದು ಗಾಂಧೀಜಿಯ ಸ್ಮರಣೆಗೆ ನಾಲ್ಕು ಅಂಚೆಚೀಟಿಗಳು ಬಂದವು, ಅಚ್ಚಾದದ್ದು ಸ್ವಿಟ್ಜರ್ಲೆಂಡಿನಲ್ಲಿ. ಗವರ್ನರ್ ಜನರಲ್ ಬಳಕೆಗೆಂದು ನೂರು ಸೆಟ್‌ಗಳ ಮೇಲಷ್ಟೇ ಇಂಗ್ಲಿಷಿನಲ್ಲಿ 'ಸರ್ವಿಸ್' (SERVICE) ಎಂದು ಒತ್ತಲಾಯಿತು. ಆ ಮುದ್ರೆಯಿದ್ದ ಹತ್ತು ರೂಪಾಯಿಯ ನಾಲ್ಕು ಚೀಟಿಗಳು 2017ರಲ್ಲಿ 5 ಲಕ್ಷ ಪೌಂಡ್‌ಗೆ ಮಾರಾಟವಾದವು. ಮಾಮೂಲು ಚೀಟಿಗೆ ಏಳು ಅಕ್ಷರ ಸೇರಿಸುವ ಆಸೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ. ರಾಷ್ಟ್ರಪಿತನ ನೆನಪಿನ ಚೀಟಿಯಲ್ಲೇ ಈ ವಂಚನೆ ನಡೆಯುವುದು ನನಗಂತೂ ಅತ್ಯಂತ ನೋವಿನ ಸಂಗತಿ.

ಇಲ್ಲಿ ಗಾಂಧೀಜಿಯ ಮುಖವನ್ನು ಎಷ್ಟು ದಿಟ್ಟಿಸಿದರೂ ಉಪಯೋಗವಿಲ್ಲ, ಅದು ಅಸಲಿಯೇ. ಭೂತಗನ್ನಡಿ ಹಿಡಿಯಬೇಕಾದದ್ದು ಅಕ್ಷರಗಳ ತುದಿ, ದಪ್ಪ, ನಡುವಿನ ಅಂತರದ ಮೇಲೆ. ಬಳಸಿದ ಚೀಟಿಯಾದರೆ ಇನ್ನೊಂದು ಸಾಕ್ಷಿ ಸಿಗಬಹುದು: ಅಕ್ಷರದ ಶಾಯಿ ಅಂಚೆ ಠಸ್ಸೆಯ ಮೇಲೆ ಕೂತಿದ್ದರೆ, ಟಪಾಲು ತಲುಪಿದ ಮೇಲೆ ಯಾರೋ ಅದನ್ನು ಒತ್ತಿದ್ದಾರೆ.

ಬಳಸದ ಚೀಟಿಯಲ್ಲಿ ಹಿಂಬದಿಯ ಗೋಂದನ್ನೂ ನೋಡಬೇಕು. ಸಾಮಾನ್ಯವಾಗಿ ಹಾಳೆಗೆ ಗೋಂದು ಬಳಿದ ನಂತರವೇ ಅಂಚಿನ ರಂಧ್ರ ಕೊರೆಯುತ್ತಾರೆ. ಹಾಗಾಗಿ ಬಿಡಿಸಿದ ಹಲ್ಲುಗಳ ತುದಿಯಲ್ಲಿ ಕಾಗದದ ನಾರು ಮೃದುವಾಗಿರುತ್ತದೆ. ಗೋಂದು ಹೋದ ಚೀಟಿಯನ್ನು ಬಳಸದ್ದೆಂದು ತೋರಿಸಲು ಆಮೇಲೆ ಬಳಿದ ಗೋಂದು ಆ ನಾರಿಗೂ ಇಳಿದು ಬಿರುಸಾಗುತ್ತದೆ, ಬೆರಳಿಗೆ ಚುಚ್ಚುತ್ತದೆ. ಹೊಸ ಕಾಗದದ ತೇಪೆ, ತಿದ್ದಿದ ಬಣ್ಣ ಅತಿನೇರಳೆ ದೀಪದಡಿ ಹಲವು ಬಾರಿ ಬೇರೆಯಾಗಿ ಹೊಳೆಯುತ್ತವೆ.

ದುಬಾರಿ ಚೀಟಿಗೆ ತಜ್ಞರ ಪ್ರಮಾಣಪತ್ರ ಕೇಳಿ. ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯ ಪರಿಣತರ ಸಮಿತಿ 1894ರಿಂದ ಈ ಕೆಲಸ ಮಾಡುತ್ತಿದೆ. ಪರೀಕ್ಷೆಗೆ ಕಳಿಸಲು ಒಪ್ಪದ ಮಾರಾಟಗಾರನ ಬಳಿ ವ್ಯವಹಾರವೇ ಬೇಡ.