ಕೇಳ್ತಾ ಕೇಳ್ತಾ ಇಷ್ಟವಾಗುವ ಆಲ್ಬಂ: ‘ಮಿಯರ್ ಎಕ್ಸ್‌ಪೋಷರ್ ಎಫೆಕ್ಟ್’ ಅಂದರೇನು?

ಮೊದಲ ಸಲ ಸಪ್ಪೆ ಅನ್ನಿಸಿದ ಆಲ್ಬಂ, ವಾರ ಕಳೆಯುವಷ್ಟರಲ್ಲಿ ನಾಲಿಗೆ ಮೇಲೆ ಕೂತುಬಿಡುತ್ತದೆ ಅಲ್ವಾ? ಮನಶ್ಶಾಸ್ತ್ರದಲ್ಲಿ ಇದಕ್ಕೆ ಮಿಯರ್ ಎಕ್ಸ್‌ಪೋಷರ್ ಎಫೆಕ್ಟ್ ಅನ್ನುತ್ತಾರೆ. ಯಾವುದೇ ಆಗಲಿ, ಪದೇ ಪದೇ ಕಣ್ಣಿಗೋ ಕಿವಿಗೋ ಬೀಳುತ್ತಿದ್ದರೆ ಸಾಕು, ಬೇರೆ ಕಾರಣವೇ ಇಲ್ಲದೆ ಅದರ ಮೇಲೆ ಒಲವು ಹುಟ್ಟುತ್ತದೆ.

ಈ ಮಾತನ್ನು ಗಟ್ಟಿಯಾಗಿ ಮುಂದಿಟ್ಟವರು ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯಂಟ್ಸ್, 1968ರಲ್ಲಿ. ಅರ್ಥವಿಲ್ಲದ ಪದಗಳು, ಚೀನೀ ಲಿಪಿಯಂಥ ಅಕ್ಷರಗಳು, ಗುರುತಿಲ್ಲದ ಮುಖಗಳ ಫೋಟೊಗಳು, ಇವನ್ನು ಕೆಲವು ಒಂದೆರಡು ಸಲ, ಕೆಲವು 25 ಸಲದವರೆಗೂ ತೋರಿಸಿದರು. ಜಾಸ್ತಿ ಸಲ ಕಂಡದ್ದೇ ಜನರಿಗೆ ಹೆಚ್ಚು ಒಳ್ಳೆಯದಾಗಿ ಕಂಡಿತು.

ಸಂಗೀತದಲ್ಲಿ ವಿಷಯ ಇಷ್ಟು ಸರಳ ಅಲ್ಲ. ಹಾಡು ಕೇಳುವಾಗ ಮನಸ್ಸು ಮುಂದೇನು ಬರುತ್ತದೆ ಅಂತ ಊಹಿಸುತ್ತಲೇ ಇರುತ್ತದೆ, ಮೊದಲ ಸಲ ಆ ಊಹೆಗಳಲ್ಲಿ ಎಷ್ಟೋ ತಪ್ಪುತ್ತವೆ, ಮತ್ತೆ ಮತ್ತೆ ಕೇಳಿದ ಮೇಲೆ ತಿರುವು ಬರುವ ಮೊದಲೇ ಕಿವಿ ಅಲ್ಲಿ ಹೋಗಿ ಕಾಯುತ್ತಿರುತ್ತದೆ. ಪಲ್ಲವಿಯ ಗುಂಗು ಕಳೆದ ಮೇಲೆ ಹಿಂದೆ ನುಡಿಯುವ ಬೇಸ್ ಕೇಳಿಸುತ್ತದೆ, ಎರಡು ಹಾಡುಗಳ ನಡುವಿನ ನಂಟು ಕಾಣುತ್ತದೆ. ಎಲಿಜಬೆತ್ ಮಾರ್ಗುಲಿಸ್ ಎಂಬ ಸಂಶೋಧಕಿ ಬೆರಿಯೊ, ಕಾರ್ಟರ್ ಎಂಬ ಇಪ್ಪತ್ತನೇ ಶತಮಾನದ ಸಂಗೀತ ರಚನಕಾರರ ಕ್ಲಿಷ್ಟ ಸಂಗೀತವನ್ನು ತೆಗೆದುಕೊಂಡು, ಅದರ ತುಣುಕುಗಳು ಮರುಕಳಿಸುವ ಹಾಗೆ ಕತ್ತರಿಸಿ ಜೋಡಿಸಿದರು. ಕೇಳಿದವರಿಗೆ ಮೂಲಕ್ಕಿಂತ ಇದೇ ಹೆಚ್ಚು ಹಿಡಿಸಿತು!

ಹಾಗಂತ ಒಲವು ಏರುತ್ತಲೇ ಹೋಗುವುದಿಲ್ಲ. ಮನಶ್ಶಾಸ್ತ್ರಜ್ಞ ಡೇನಿಯಲ್ ಬರ್ಲೈನ್ ಹೇಳಿದ್ದು ಏರಿ ಇಳಿಯುವ ಗೆರೆಯನ್ನು. ಸುಲಭದ ಟ್ಯೂನ್ ಬೇಗ ತುದಿ ಮುಟ್ಟಿ ಬೇಗ ಹಳಸುತ್ತದೆ, ಸಂಕೀರ್ಣವಾದದ್ದು ನಿಧಾನಕ್ಕೆ ಏರುತ್ತದೆ. ರೇಡಿಯೊಹೆಡ್ ಎಂಬ ಬ್ರಿಟಿಷ್ ರಾಕ್ ತಂಡದ ‘ಕಿಡ್ ಎ’ ಆಲ್ಬಂ 2000ದಲ್ಲಿ ಬಂದಾಗ ಗಿಟಾರ್ ನಿರೀಕ್ಷಿಸಿದ್ದ ಎಷ್ಟೋ ಜನ ಪೆಚ್ಚಾದರು. ದಶಕ ಮುಗಿಯುವಾಗ ರೋಲಿಂಗ್ ಸ್ಟೋನ್ ಪತ್ರಿಕೆ ಅದನ್ನೇ ಆ ದಶಕದ ಆಲ್ಬಂಗಳ ಪಟ್ಟಿಯ ಮೊದಲ ಸ್ಥಾನದಲ್ಲಿ ಕೂರಿಸಿತು.

ಹಾಗಾದರೆ ಬರೀ ರೂಢಿಯಿಂದಲೇ ಎಲ್ಲವೂ ಚೆನ್ನಾಗಿ ಕಾಣುತ್ತದೆಯೇ? ಇದು ನನ್ನನ್ನು ತುಂಬಾ ಕಾಡಿದ ಪ್ರಶ್ನೆ. ಇದಕ್ಕೆ ಚಿತ್ರಕಲೆಯ ಕಡೆಯಿಂದ ಒಂದು ಒಳ್ಳೆಯ ಸುಳಿವು ಸಿಕ್ಕಿದೆ. ಆರನ್ ಮೆಸ್ಕಿನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಮೆರಿಕದ ಚಿತ್ರಕಾರ ಥಾಮಸ್ ಕಿಂಕೇಡ್ ಅವರ ಜನಪ್ರಿಯ, ಆದರೆ ವಿಮರ್ಶಕರು ಒಪ್ಪದ ಚಿತ್ರಗಳನ್ನು ಮತ್ತೆ ಮತ್ತೆ ನೋಡಿದಷ್ಟೂ ವಿದ್ಯಾರ್ಥಿಗಳ ಮೆಚ್ಚುಗೆ ಇಳಿಯಿತು. ವಿಮರ್ಶಕರು ಮೆಚ್ಚಿದ, 19ನೇ ಶತಮಾನದ ಇಂಗ್ಲಿಷ್ ಚಿತ್ರಕಾರ ಜಾನ್ ಎವರೆಟ್ ಮಿಲೇ ಅವರ ಚಿತ್ರಗಳಿಗೆ ಹಾಗೆ ಆಗಲಿಲ್ಲ. ಅಂದರೆ ಮರುಭೇಟಿ ಮರುಳು ಮಾಡುವುದೂ ಉಂಟು, ಪೊಳ್ಳನ್ನು ಬಯಲು ಮಾಡುವುದೂ ಉಂಟು.

ಅದಕ್ಕೇ ಬಿಡುಗಡೆಯಾದ ದಿನವೇ ಆಲ್ಬಂಗೆ ಸ್ಟಾರ್ ಕೊಟ್ಟು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಎಫ್‌ಎಂನಲ್ಲಿ ದಿನಾ ಬಂದು ಬಾಯಿಪಾಠವಾದ ಹಾಡನ್ನು ಆ ಕಾರಣಕ್ಕೇ ಚೆನ್ನಾಗಿದೆ ಅನ್ನುವುದೂ ಅಷ್ಟೇ. ಐದನೇ ಸಲ ಕೇಳುವಾಗ ಮೊದಲು ಕೇಳಿಸದೇ ಇದ್ದದ್ದು ಏನಾದರೂ ಕೇಳಿಸಿತಾ, ಅಥವಾ ಸುಮ್ನೆ ಪರಿಚಯದ ಖುಷಿಯಾ ಅಂತ ನೋಡಿಕೊಳ್ಳಿ. ಗೊತ್ತಾಗದಿದ್ದರೆ ಆಲ್ಬಂ ಅನ್ನು ಕೆಲವು ವಾರ ಪಕ್ಕಕ್ಕಿಟ್ಟು ಮತ್ತೆ ಪೂರ್ತಿ ಕೇಳಿ.