ವಸಡು ಬಿಡಿಸಬೇಕೆ, ಬೇಡವೆ? ಇಂಪ್ಲಾಂಟ್ ಕೂರಿಸುವ ವಿಧಾನಗಳು

ಹಲ್ಲು ಹೋದ ಜಾಗದಲ್ಲಿ ದವಡೆಯ ಮೂಳೆಗೆ ಕೂರಿಸುವ ಕೃತಕ ಬೇರೇ ಇಂಪ್ಲಾಂಟ್. ವಸಡು ಕೊಯ್ದು ಬಿಡಿಸಿ ಕೂರಿಸುವುದು ಫ್ಲ್ಯಾಪ್ ವಿಧಾನ, ಬಿಡಿಸದೆ ಕೂರಿಸುವುದು ಫ್ಲ್ಯಾಪ್‌ಲೆಸ್. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) "ಫ್ಲ್ಯಾಪ್ ಒಳ್ಳೆಯದೋ, ಫ್ಲ್ಯಾಪ್‌ಲೆಸ್ಸೋ?" ಎಂದು ಕೇಳಿದರೆ ಹೆಸರು ಹೇಳುವ ಮೊದಲು ಮೂಳೆಯ ಅಗಲ ಹೇಳಿ. 4 ಮಿ.ಮೀ. ವ್ಯಾಸದ ಇಂಪ್ಲಾಂಟ್‌ನ ಕೆನ್ನೆ ಬದಿಗೂ ನಾಲಿಗೆ ಬದಿಗೂ ಕನಿಷ್ಠ 1.5 ಮಿ.ಮೀ. ಮೂಳೆ ಉಳಿಯಬೇಕಾದರೆ ರಿಡ್ಜ್ (ಹಲ್ಲು ಹೋದ ಜಾಗದ ಮೂಳೆಯ ದಿಬ್ಬ) 7 ಮಿ.ಮೀ. ಅಗಲ ಇರಬೇಕು. ಸಿಬಿಸಿಟಿಯಲ್ಲೇ (ದವಡೆಯ ಮೂರು ಆಯಾಮದ ಎಕ್ಸ್-ರೇ ಸ್ಕ್ಯಾನ್) ಅಳೆಯಿರಿ. ದಪ್ಪ ವಸಡಿನಡಿ ಚೂರಿಯಂಚಿನಂಥ ಮೂಳೆ ಅಡಗಿದ್ದರೆ ಬೆರಳಿಗೆ ಗೊತ್ತಾಗುವುದಿಲ್ಲ.

ಫ್ಲ್ಯಾಪ್ ವಿಧಾನದಲ್ಲಿ 15ನೇ ನಂಬರಿನ ಬ್ಲೇಡಿನಿಂದ ರಿಡ್ಜ್‌ನ ನೆತ್ತಿಯ ಮೇಲೆ ಮೂಳೆ ತಾಗುವವರೆಗೆ ಕೊಯ್ದು, ಪೆರಿಯಾಸ್ಟಿಯಮ್ (ಮೂಳೆಗೆ ಅಂಟಿದ ಪೊರೆ) ಸಮೇತ ವಸಡನ್ನು ಬಿಡಿಸುತ್ತೇವೆ. ಮೂಳೆ ಕಣ್ಣೆದುರು ಇರುತ್ತದೆ, ತೂತು ಬಿದ್ದರೆ ಅಲ್ಲೇ ಗ್ರಾಫ್ಟ್ (ಮೂಳೆಯ ಕೊರತೆ ತುಂಬುವ ವಸ್ತು) ಹಾಕಬಹುದು. ಇದಕ್ಕೆ ತೆರುವ ಬೆಲೆ ಊತ, ನೋವು, ಹೊಲಿಗೆ. ಜೊತೆಗೆ ಪೆರಿಯಾಸ್ಟಿಯಮ್‌ನಿಂದ ಬರುವ ರಕ್ತ ಕೆಲದಿನ ತಪ್ಪುವುದರಿಂದ ನೆತ್ತಿಯ ತೆಳು ಮೂಳೆ ತುಸು ಸವೆಯಬಹುದು.

ಫ್ಲ್ಯಾಪ್‌ಲೆಸ್‌ನಲ್ಲಿ ಟಿಶ್ಯೂ ಪಂಚ್ ಎಂಬ ದುಂಡಗೆ ಕತ್ತರಿಸುವ ಉಪಕರಣದಿಂದ ವಸಡಿನ ಒಂದು ಬಿಲ್ಲೆ ತೆಗೆದು ಅಲ್ಲಿಂದಲೇ ಕೊರೆಯುತ್ತೇವೆ. ರೋಗಿಗೆ ಹಿತ, ನಮಗೆ ಕುರುಡಾಟ. ಎಡವುವುದು ಹೆಚ್ಚಾಗಿ ಮೂರು ಕಡೆ.

ಮೊದಲನೆಯದು ಗಟ್ಟಿ ವಸಡು, ಅಂದರೆ ಕೆರಟಿನೈಸ್ಡ್ ಪಟ್ಟಿ. ಅದು 4 ಮಿ.ಮೀ. ಮಾತ್ರ ಇದ್ದು 4 ಮಿ.ಮೀ. ಪಂಚ್ ಒತ್ತಿದರೆ ಕೆನ್ನೆ ಬದಿಗೆ ಏನೂ ಉಳಿಯದು. ಅದೇ ಪಟ್ಟಿಯನ್ನು ನಡುವೆ ಸೀಳಿ ಫ್ಲ್ಯಾಪ್ ಎತ್ತಿದ್ದರೆ ಎರಡೂ ಬದಿಗೆ 2 ಮಿ.ಮೀ. ಸಿಗುತ್ತಿತ್ತು. ಎರಡನೆಯದು ಆಳದ ಲೆಕ್ಕ. 10 ಮಿ.ಮೀ. ಇಂಪ್ಲಾಂಟ್, ಮೇಲೆ 3 ಮಿ.ಮೀ. ವಸಡು ಎಂದರೆ ಡ್ರಿಲ್‌ನ 13ರ ಗೆರೆ ವಸಡಿನ ಅಂಚಿಗೆ ಬರಬೇಕು. ಇದನ್ನು ಮರೆತರೆ ಇಂಪ್ಲಾಂಟ್‌ನ ಕತ್ತು ಮೂಳೆಯ ಹೊರಗೇ ಉಳಿಯುತ್ತದೆ. ಡ್ರಿಲ್‌ನ ಮೊನೆ ಗೆರೆಯ ಲೆಕ್ಕಕ್ಕಿಂತ ತುಸು ಉದ್ದವಿರುತ್ತದೆ ಎಂಬುದೂ ನೆನಪಿರಲಿ. ನರದ ಕಾಲುವೆಯಿಂದ 2 ಮಿ.ಮೀ. ದೂರ ಬಿಡಲು ಅದೂ ಒಂದು ಕಾರಣ. ಮೂರನೆಯದೇ ಜೀವಕ್ಕೆ ಕುತ್ತು: ಕೆಳದವಡೆಯ ನಾಲಿಗೆ ಬದಿ ಒಳಕ್ಕೆ ಗುಳಿಬಿದ್ದಿರುವಲ್ಲಿ ಡ್ರಿಲ್ ಹೊರಬಂದು ರಕ್ತನಾಳ ಕಡಿದರೆ ಬಾಯಿಯ ತಳ ಊದಿ ಉಸಿರಿನ ದಾರಿ ಮುಚ್ಚಬಹುದು.

ಹಾಗಾದರೆ ಸರ್ಜಿಕಲ್ ಗೈಡ್ (ಡ್ರಿಲ್‌ಗೆ ದಾರಿ ತೋರಲು ಪ್ರಿಂಟ್ ಮಾಡಿಸಿದ ಅಚ್ಚು) ಇಟ್ಟರಾಯಿತಲ್ಲ? ದಿಕ್ಕು ಖಂಡಿತ ಸುಧಾರಿಸುತ್ತದೆ. ಆದರೂ ಪ್ರವೇಶದಲ್ಲಿ ಸುಮಾರು 1 ಮಿ.ಮೀ., ತುದಿಯಲ್ಲಿ ಇನ್ನೂ ತುಸು ಹೆಚ್ಚು ವ್ಯತ್ಯಾಸ ಬರುತ್ತದೆ. ಗೈಡ್‌ನಲ್ಲಿ ಡ್ರಿಲ್ ತೂರುವ ಕೊಳವೆ (ಸ್ಲೀವ್) ಮೂಳೆಯನ್ನು ತಣಿಸುವ ಸಲೈನನ್ನೂ (ಉಪ್ಪುನೀರು) ತಡೆಯುತ್ತದೆ. ಮೂಳೆ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೂ ಹಾನಿ, ಆದ್ದರಿಂದ ಒಂದೇ ಸಮನೆ ಒತ್ತದೆ ಡ್ರಿಲ್ಲನ್ನು ಮೇಲೆ ಕೆಳಗೆ ಆಡಿಸಿ, ನಡುನಡುವೆ ಪೂರ್ತಿ ಹೊರತೆಗೆದು ತಣ್ಣನೆಯ ಸಲೈನ್ ಬಿಡಿ. ಮೊಂಡಾದ ಡ್ರಿಲ್ ಬೇಡ.

ನಮ್ಮ ಕರಾವಳಿಯವರಿಗೆ ಇನ್ನೊಂದು ತೊಡಕಿದೆ. ಪುತ್ತೂರು, ಬೆಳ್ತಂಗಡಿ ಕಡೆಯಿಂದ ಬರುವವರಲ್ಲಿ ಅಡಿಕೆ ಜಗಿದು ಸಬ್‌ಮ್ಯೂಕಸ್ ಫೈಬ್ರೋಸಿಸ್ (ಬಾಯಿಯ ಒಳಪದರ ಬಿಗಿಯುವ ಕಾಯಿಲೆ) ಆಗಿ ಬಾಯಿ ತೆರೆಯಲಾಗದವರು ಇರುತ್ತಾರೆ. ಗೈಡ್‌ನ ಡ್ರಿಲ್‌ಗಳು ಮಾಮೂಲಿಗಿಂತ ಉದ್ದ. ಗೈಡ್ ಪ್ರಿಂಟ್ ಮಾಡಿಸುವ ಮುಂಚೆಯೇ ಹ್ಯಾಂಡ್‌ಪೀಸ್‌ಗೆ ಅತಿ ಉದ್ದದ ಡ್ರಿಲ್ ಸಿಕ್ಕಿಸಿ ಕಡೆಹಲ್ಲಿನ ಜಾಗಕ್ಕೆ ಹೋಗುತ್ತದೆಯೇ ನೋಡಿ. ಹೋಗದಿದ್ದರೆ ಫ್ಲ್ಯಾಪ್ ಎತ್ತಿ, ಗೈಡ್ ಇಲ್ಲದೆ ಮಾಡುವುದೇ ಮೇಲು.

ಮೂಳೆಯ ಗಟ್ಟಿತನ ಎರಡೂ ವಿಧಾನಕ್ಕೆ ಒಂದೇ. ಕೆಳದವಡೆಯ ಮುಂಭಾಗ ಕರಿಕಲ್ಲು: ಕೊನೆಯ ಅಳತೆಯ ಡ್ರಿಲ್ ತಪ್ಪಿಸಬೇಡಿ, ಬೇಕಿದ್ದರೆ ಟ್ಯಾಪ್ ಹಾಕಿ (ಮೂಳೆಯಲ್ಲಿ ಮೊದಲೇ ಸ್ಕ್ರೂವಿನ ಗೀರು ಕೊರೆಯಿರಿ); ಬಿಗಿ ಅತಿಯಾದರೆ ಮೂಳೆ ಸಾಯುತ್ತದೆ. ಮೇಲ್ದವಡೆಯ ಹಿಂಭಾಗ ತೆಳು ಹೊದಿಕೆಯ ಮುರಕಲ್ಲು: ಒಂದು ಅಳತೆ ಚಿಕ್ಕದಾಗಿಯೇ ಕೊರೆದು ನಿಲ್ಲಿಸಿ.

1965ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಶುರುಮಾಡಿದ್ದು ಎರಡು ಹಂತದ ವಿಧಾನ. ವಸಡು ಮುಚ್ಚಿ ಕೆಳದವಡೆಗೆ 3 ತಿಂಗಳು, ಮೇಲ್ದವಡೆಗೆ 6 ತಿಂಗಳು ಕಾಯುವುದು ಅದರ ಕ್ರಮ. ಫ್ಲ್ಯಾಪ್‌ಲೆಸ್‌ನಲ್ಲಿ ಮುಚ್ಚಲು ವಸಡೇ ಇರುವುದಿಲ್ಲ, ಹೀಲಿಂಗ್ ಅಬಟ್‌ಮೆಂಟ್ (ವಸಡಿನ ಹೊರಗೆ ಕಾಣುವ ತಾತ್ಕಾಲಿಕ ಮುಚ್ಚಳ) ಹಾಕಲೇಬೇಕು. ಟಾರ್ಕ್ (ಇಂಪ್ಲಾಂಟ್ ತಿರುಗಿಸಿ ಕೂರಿಸುವಾಗ ಸಿಗುವ ಬಿಗಿ) ತೀರಾ ಕಡಿಮೆ ಬಂದರೆ ಕವರ್ ಸ್ಕ್ರೂ (ವಸಡಿನಡಿ ಉಳಿಯುವ ಮುಚ್ಚಳ) ಹಾಕಿ ಹೊಲಿಯುವ ದಾರಿ ಫ್ಲ್ಯಾಪ್ ಎತ್ತಿದವರಿಗೆ ಮಾತ್ರ ಸುಲಭ.

ಅಭ್ಯಾಸಕ್ಕೆ ಮಾಂಸದಂಗಡಿಯಿಂದ ಆಡಿನ ದವಡೆ ತನ್ನಿ. ಪಂಚ್ ಮಾಡಿ ಕೊರೆಯಿರಿ, ಆಮೇಲೆ ವಸಡು ಎತ್ತಿ ಡ್ರಿಲ್ ಎಲ್ಲಿ ಹೊರಬಂದಿದೆ ಎಂದು ಹುಡುಕಿ.