ಪಕ್ಕದ ಕುರ್ಚಿಯವರ ಪರಿಚಯ: ಕುಡಿತ ಬಿಡುವವರ ಸಭೆಗಳು ನೆರವಾಗುವ ಬಗೆ

ಕುಡಿತ ಬಿಡಬೇಕೆಂದು ಮೊದಲ ಬಾರಿಗೆ ಬೆಂಬಲ ಗುಂಪಿನ ಸಭೆಗೆ ಹೊರಟವರಲ್ಲಿ ಎಷ್ಟೋ ಜನ ಬಾಗಿಲವರೆಗೆ ಹೋಗಿ ಹಿಂದಿರುಗಿಬಿಡುತ್ತಾರೆ. ಒಳಗೆ ಪರಿಚಯದವರು ಸಿಕ್ಕರೆ ಏನು ಗತಿ, ಎದ್ದು ನಿಂತು ಎಲ್ಲವನ್ನೂ ಹೇಳಿಕೊಳ್ಳಬೇಕಾದರೆ ಹೇಗೆ ಎಂಬ ಅಳುಕು ಕಾಲನ್ನು ಹಿಡಿದು ನಿಲ್ಲಿಸುತ್ತದೆ. ಒಳಗೆ ನಡೆಯುವುದು ಮಾತ್ರ ಬಹಳ ಸರಳ. ಸಾಮಾನ್ಯವಾಗಿ ಒಂದು, ಒಂದೂವರೆ ಗಂಟೆಯ ಹೊತ್ತು ಒಬ್ಬರಾದ ಮೇಲೊಬ್ಬರು ತಮ್ಮ ಅನುಭವ ಹೇಳುತ್ತಾರೆ. ಹೆಚ್ಚಿನ ಗುಂಪುಗಳಲ್ಲಿ ಉಳಿದವರು ನಡುವೆ ಬಾಯಿ ಹಾಕುವುದಿಲ್ಲ. ಸರದಿ ಬಂದಾಗ ‘ಇವತ್ತು ಕೇಳಿಸಿಕೊಳ್ಳುತ್ತೇನೆ’ ಎಂದರೆ ಸಾಕು, ಮಾತು ಮುಂದಿನವರಿಗೆ ಹೋಗುತ್ತದೆ.

ಇಷ್ಟರಿಂದ ಚಟ ಬಿಡುವುದು ಹೇಗೆ ಎಂಬ ಸಂಶಯ ಸಹಜವೇ. ವರ್ಷಗಟ್ಟಲೆ ಕುಡಿದ ಮಿದುಳು ಮದ್ಯವನ್ನಷ್ಟೇ ಅಲ್ಲ, ಅದರ ಸುತ್ತಲಿನ ಎಲ್ಲವನ್ನೂ ಕಲಿತಿರುತ್ತದೆ. ಸಂಜೆಯ ಆ ಹೊತ್ತು, ಆ ರಸ್ತೆ, ಗ್ಲಾಸಿನ ಸದ್ದು, ಎಲ್ಲಕ್ಕಿಂತ ಹೆಚ್ಚಾಗಿ ಜೊತೆಗೆ ಕುಡಿಯುತ್ತಿದ್ದ ಗೆಳೆಯನ ಮುಖ, ಇವು ಕಣ್ಣಿಗೆ ಬಿದ್ದೊಡನೆ ಮಿದುಳಿನಲ್ಲಿ ಆಸೆ ಹುಟ್ಟಿಸುವ ಡೋಪಮಿನ್ ಎಂಬ ರಾಸಾಯನಿಕದ ವ್ಯವಸ್ಥೆ ಎಚ್ಚೆತ್ತು ಬಯಕೆ ಕೆರಳುತ್ತದೆ. ಅದನ್ನು ತಡೆಯಬೇಕಾದ ಮಿದುಳಿನ ಮುಂಭಾಗದ ಹಿಡಿತ ದೀರ್ಘಕಾಲದ ಕುಡಿತದಿಂದ ಸಡಿಲಗೊಂಡಿರುತ್ತದೆ. ಆದ್ದರಿಂದ ಮನಸ್ಸು ಗಟ್ಟಿ ಮಾಡಿಕೋ ಎಂದಷ್ಟೇ ಬುದ್ಧಿ ಹೇಳುವುದು ಅನ್ಯಾಯ ಎಂದೇ ನನ್ನ ಭಾವನೆ. ಹಳೆಯ ಸಹವಾಸ ಬಿಟ್ಟವನಿಗೆ ಹೊಸ ಸಹವಾಸ ಬೇಕು. ಸಭೆ ಕೊಡುವುದು ಮುಖ್ಯವಾಗಿ ಅದನ್ನೇ.

ಸಂಶೋಧನೆಗಳೂ ಇದೇ ದಿಕ್ಕಿಗೆ ಬೆರಳು ಮಾಡುತ್ತವೆ. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ಹೇಗೆ ನೆರವಾಗುತ್ತದೆ ಎಂದು ಹುಡುಕಿದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು ಎರಡು ಬದಲಾವಣೆಗಳು: ಒಡನಾಟದ ವಲಯದಲ್ಲಿ ಕುಡಿಯುವವರು ಕಡಿಮೆಯಾಗಿ ಕುಡಿಯದವರು ಹೆಚ್ಚಾಗುವುದು, ಮತ್ತು ನಾಲ್ಕು ಜನ ಕುಡಿಯುವ ಕಡೆಯೂ ತಾನು ಕುಡಿಯದೆ ಇರಬಲ್ಲೆ ಎಂಬ ಧೈರ್ಯ. 2009ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದ ಪ್ರಕಾರ, ಒಡನಾಟಕ್ಕೆ ಕುಡಿಯದ ಒಬ್ಬರೇ ಒಬ್ಬರು ಸೇರಿದರೂ ಮುಂದಿನ ವರ್ಷ ಕುಡಿಯದೆ ಇರುವ ಸಾಧ್ಯತೆ ಶೇ. 27ರಷ್ಟು ಹೆಚ್ಚುತ್ತದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2020ರ ಪರಾಮರ್ಶೆ 27 ಅಧ್ಯಯನಗಳನ್ನೂ 10,565 ಜನರನ್ನೂ ಒಳಗೊಂಡಿತ್ತು. ಅದರ ಒಂದು ಹೋಲಿಕೆಯಲ್ಲಿ, ಎ.ಎ. ಸಭೆಗಳಿಗೆ ಕ್ರಮಬದ್ಧವಾಗಿ ಸೇರಿಸುವ ಆಪ್ತಸಲಹೆ ಪಡೆದವರಲ್ಲಿ ಶೇ. 42ರಷ್ಟು ಮಂದಿ ಒಂದು ವರ್ಷದ ನಂತರ ಪೂರ್ತಿ ಪಾನಮುಕ್ತರಾಗಿದ್ದರು. ಬೇರೆ ಚಿಕಿತ್ಸೆ ಪಡೆದವರಲ್ಲಿ ಈ ಪ್ರಮಾಣ ಶೇ. 35. ಅಂತರ ಅದ್ಭುತವೇನಲ್ಲ, ಆದರೆ ಉಚಿತವಾಗಿ ಸಿಗುವ ನೆರವಿಗೆ ಅದು ಸಣ್ಣದೂ ಅಲ್ಲ.

ಈ ಗುಂಪು ಹುಟ್ಟಿದ್ದೇ ಒಡನಾಟದ ಹುಡುಕಾಟದಿಂದ. 1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರು ವ್ಯವಹಾರಸ್ಥ, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದವನು, ವ್ಯವಹಾರ ಕೈಕೊಟ್ಟು ಒಹಾಯೋದ ಆಕ್ರನ್ ನಗರದ ಹೋಟೆಲೊಂದರಲ್ಲಿ ಒಂಟಿಯಾಗಿದ್ದ. ಬಾರು ಹತ್ತಿರದಲ್ಲೇ ಇತ್ತು. ಅವನು ಟೆಲಿಫೋನಿನ ಬಳಿ ಹೋಗಿ ಚರ್ಚಿನ ಪಾದ್ರಿಗಳಿಗೆ ಕರೆ ಮಾಡಿ ಕೇಳಿದ್ದು ತನ್ನಂತೆಯೇ ಕುಡಿತದಿಂದ ನರಳುತ್ತಿರುವ ಇನ್ನೊಬ್ಬರನ್ನು. ಹಾಗೆ ಸಿಕ್ಕವರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಇಬ್ಬರೂ ಗಂಟೆಗಟ್ಟಲೆ ಮಾತನಾಡಿದರು. ಜೂನ್ 10ರಂದು ಸ್ಮಿತ್ ಕೊನೆಯ ಬಾರಿ ಕುಡಿದರು ಎನ್ನಲಾಗುತ್ತದೆ, ಎ.ಎ. ತನ್ನ ಹುಟ್ಟನ್ನು ಲೆಕ್ಕ ಹಾಕುವುದು ಆ ದಿನದಿಂದ.

ಸಭೆ ಹುಡುಕುವುದು ಈಗ ಕಷ್ಟವಲ್ಲ. ಎ.ಎ.ಯ ಅಂತರ್ಜಾಲ ಪುಟದಲ್ಲಿ, ಸಹಾಯವಾಣಿಯಲ್ಲಿ, ವ್ಯಸನಮುಕ್ತಿ ಕೇಂದ್ರಗಳಲ್ಲಿ ವಿವರ ಸಿಗುತ್ತದೆ. ಆನ್‌ಲೈನ್ ಸಭೆಗಳೂ ಇವೆ. ಮುಕ್ತ ಸಭೆಗೆ ಯಾರು ಬೇಕಾದರೂ ಹೋಗಬಹುದು, ಮುಚ್ಚಿದ ಸಭೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಸೇರಲು ಶುಲ್ಕವಿಲ್ಲ, ಕುಡಿತ ಬಿಡುವ ಬಯಕೆಯೊಂದೇ ಅರ್ಹತೆ. ಎ.ಎ.ಯಲ್ಲಿ ಬರುವ ದೇವರ ಪ್ರಸ್ತಾಪ ಒಗ್ಗದವರಿಗೆ 1994ರಲ್ಲಿ ಆರಂಭವಾದ ಸ್ಮಾರ್ಟ್ ರಿಕವರಿಯಂಥ ಮನೋವಿಜ್ಞಾನ ಆಧಾರಿತ ಗುಂಪುಗಳಿವೆ, ಕುಡಿಯುವವರ ಮನೆಯವರಿಗೆ ಅಲ್-ಅನಾನ್ ಎಂಬ ಗುಂಪಿದೆ. ಒಂದು ಸಭೆ ಹಿಡಿಸಲಿಲ್ಲವೆಂದು ಎಲ್ಲವನ್ನೂ ತಳ್ಳಿಹಾಕಬಾರದು, ಏಕೆಂದರೆ ಪ್ರತಿ ಗುಂಪಿನ ಮಾತಿನ ಧಾಟಿ, ಜನ, ವಯಸ್ಸು ಬೇರೆಬೇರೆ. ಮೂರ್ನಾಲ್ಕು ಕಡೆ ಹೋಗಿ ನೋಡಬೇಕು, ಹತ್ತು ನಿಮಿಷ ಮೊದಲೇ ಹೋಗಬೇಕು, ಮುಗಿದೊಡನೆ ಓಡಿಬರಬಾರದು. ಕುರ್ಚಿ ಮಡಚಿಡಲು ಕೈಜೋಡಿಸುವ ಹೊತ್ತಿನಲ್ಲೇ ಯಾರೋ ಒಬ್ಬರು ಚೀಟಿಯಲ್ಲಿ ಫೋನ್ ನಂಬರ್ ಬರೆದು ಕೊಡುತ್ತಾರೆ, ‘ಕುಡಿಯಬೇಕು ಅನ್ನಿಸಿದಾಗ ಫೋನ್ ಮಾಡಿ, ಕುಡಿದ ಮೇಲಲ್ಲ’ ಎನ್ನುತ್ತಾರೆ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ದಿನವೂ ವಿಪರೀತ ಕುಡಿಯುವವರು ವೈದ್ಯರನ್ನು ಕಾಣದೆ ಥಟ್ಟನೆ ನಿಲ್ಲಿಸಬಾರದು. ಮದ್ಯದ ಶಮನಕ್ಕೆ ಒಗ್ಗಿದ ನರಮಂಡಲ ಅದು ಇಲ್ಲವಾದೊಡನೆ ಅತಿಯಾಗಿ ಕೆರಳುತ್ತದೆ. ಮೊದಲ ಎರಡು ದಿನಗಳಲ್ಲಿ ಸೆಳವು, ಅಂದರೆ ಫಿಟ್ಸ್, ಬರಬಹುದು, ಎರಡರಿಂದ ನಾಲ್ಕನೆಯ ದಿನದ ನಡುವೆ ಜ್ವರ, ನಡುಕ, ಭ್ರಮೆಗಳ ಸನ್ನಿ ಕಾಣಿಸಿ ಜೀವಕ್ಕೇ ಅಪಾಯವಾಗಬಹುದು. ಇದು ಆಸ್ಪತ್ರೆಯ ಕೆಲಸ, ಸಭೆಯದಲ್ಲ. ನಂತರವೂ ಮತ್ತೆ ಕುಡಿಯದಂತೆ ನೆರವಾಗುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಿಗಳನ್ನು ವೈದ್ಯರ ಸಲಹೆಯಂತೆ ತೆಗೆದುಕೊಳ್ಳುತ್ತಲೇ ಸಭೆಗೆ ಹೋಗಬಹುದು.

ನಡುವೆ ಜಾರಿ ಮತ್ತೆ ಕುಡಿದವರು ನಾಚಿಕೆಯಿಂದ ಸಭೆಯನ್ನೇ ಬಿಟ್ಟುಬಿಡುವುದು ನನಗೆ ಅತ್ಯಂತ ನೋವಿನ ಸಂಗತಿಯಾಗಿ ಕಾಣುತ್ತದೆ. ಆ ಕೋಣೆಯಲ್ಲಿ ಕೂತವರಲ್ಲಿ ಅನೇಕರು ಹಾಗೆ ಜಾರಿ ಹಿಂದಿರುಗಿದವರೇ. ದಿನಗಳ ಎಣಿಕೆ ಒಂದರಿಂದ ಶುರುವಾಗುತ್ತದೆ; ಜೇಬಿನಲ್ಲಿರುವ ಆ ಚೀಟಿಯ ನಂಬರ್ ಹಳೆಯದೇ.